ಘಟ್ಟದ ಗಾಳಿಯ ಲೆಕ್ಕ

2023ರ ಏಪ್ರಿಲ್ 17ರಂದು ಪುಣೆ ಪಕ್ಕದ ಕಿವಳೆಯಲ್ಲಿ ದೊಡ್ಡ ಜಾಹೀರಾತು ಫಲಕವೊಂದು ಉರುಳಿ, ಗಾಳಿಮಳೆಯಿಂದ ತಪ್ಪಿಸಿಕೊಳ್ಳಲು ಅದರಡಿ ನಿಂತಿದ್ದವರಲ್ಲಿ ಐವರು ಸತ್ತರು. ಇಂಥ ಫಲಕಗಳನ್ನು ಕೆಡವುವುದು ಗಂಟೆಯ ಸರಾಸರಿ ಗಾಳಿಯಲ್ಲ, ಕೆಲವೇ ಸೆಕೆಂಡಿನ ಹೊಡೆತ. ವಿಜ್ಞಾನ ಆ ಹೊಡೆತವನ್ನು ಹಿಡಿಯಲು ಕಲಿತದ್ದು ತಡವಾಗಿ. 1879ರಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ಕುಸಿದ ಮೇಲೆ ಡಬ್ಲ್ಯು. ಎಚ್. ಡೈನ್ಸ್ ರೂಪಿಸಿದ ಒತ್ತಡ ಕೊಳವೆಯ ಗಾಳಿಮಾಪಕವೇ ಕ್ಷಣಕ್ಷಣದ ಏರಿಳಿತವನ್ನು ಕಾಗದದ ಮೇಲೆ ಬರೆಯತೊಡಗಿತು.

ನಮ್ಮಲ್ಲಿ ಗಾಳಿ ಅಳೆಯುವ ಹವಾಮಾನ ಇಲಾಖೆಯ ಕೇಂದ್ರ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡಕ್ಕೆ ಜನ ಇವತ್ತಿಗೂ ‘ಸಿಮ್ಲಾ ಆಫೀಸ್’ ಎನ್ನುತ್ತಾರೆ. ಗಾಳಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಕೊಂಕಣದಿಂದ ಗೋಡೆಯಂತೆ ಏಳುವ ಸಹ್ಯಾದ್ರಿ ಪೂರ್ವಕ್ಕೆ ಮೆಲ್ಲನೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ, ಸುಮಾರು 560 ಮೀಟರ್ ಎತ್ತರದಲ್ಲಿದೆ ಊರು. ಕಡಲಗಾಳಿ ಈ ಘಟ್ಟ ಹತ್ತಿ ಪುಣೆಗೆ ಬರುವ ಬಗೆಯನ್ನು ಇಲಾಖೆಯ ವಿಜ್ಞಾನಿ ಕೆ. ಆರ್. ರಾಮನಾಥನ್ 1931ರಲ್ಲೇ ಬರೆದರು.

ಘಟ್ಟಕ್ಕೆ ಗಣಿತ ಹೊಂದಿಸಿದವರು ಹವಾಮಾನ ವಿಜ್ಞಾನಿ ಆರ್. ಪಿ. ಸರ್ಕಾರ್. ಬೆಟ್ಟ ದಾಟಿದ ಗಾಳಿ ಮೇಲೆ-ಕೆಳಗೆ ತೂಗಾಡುವ ‘ಪರ್ವತ ಅಲೆ’ಗೆ 1949ರಲ್ಲಿ ಇಂಗ್ಲೆಂಡಿನ ಸ್ಕೋರರ್ ಸೂತ್ರ ಕೊಟ್ಟಿದ್ದರು. ಸರ್ಕಾರ್ 1960ರ ದಶಕದ ಮಧ್ಯದಲ್ಲಿ ಅಂಥ ಲೆಕ್ಕವನ್ನು ಮುಂಬೈ-ಪುಣೆ ಅಡ್ಡಕೊಯ್ತಕ್ಕೆ ಹಾಕಿದರು. ಅವರಿಗೆ ಬೇಕಿದ್ದದ್ದು ಮಳೆ, ಗಾಳಿಯ ಹೊಡೆತವಲ್ಲ. ಆದರೂ ಬೆಟ್ಟದ ಆಕಾರ ಗಾಳಿಯನ್ನು ಎಲ್ಲಿ ಏರಿಸುತ್ತದೆ, ಎಲ್ಲಿ ಇಳಿಸುತ್ತದೆ ಎನ್ನುವುದು ಇಲ್ಲಿ ಕಣ್ಣಿಗೆ ಕಂಡಿತು.

ಚಿಕ್ಕ ಗುಡ್ಡಗಳ ಕತೆ ಬೇರೆ. ಸ್ಕಾಟ್ಲೆಂಡಿನ ಆಸ್ಕರ್ವೆನ್ ಗುಡ್ಡ ಬರೀ 116 ಮೀಟರ್. 1982-83ರಲ್ಲಿ ಅಳೆದಾಗ ಅದರ ನೆತ್ತಿಯ ಗಾಳಿ ಬಯಲಿನ ಗಾಳಿಗಿಂತ ಸುಮಾರು ಶೇ. 80 ಜೋರಾಗಿತ್ತು. ನಮ್ಮ ಕಟ್ಟಡ ಸಂಹಿತೆ ಐಎಸ್ 875ರ ಮೂರನೇ ಭಾಗವೂ ಇದನ್ನು ಒಪ್ಪುತ್ತದೆ: ಪುಣೆಗೆ ಸೆಕೆಂಡಿಗೆ 39 ಮೀಟರ್ ಮೂಲವೇಗ, ಬೆಂಗಳೂರಿಗೆ 33, ಗುಡ್ಡವಿದ್ದರೆ 1.36 ಪಟ್ಟಿನವರೆಗೆ ಏರಿಕೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಫಲಕದ ಮೇಲಿನ ಹೊರೆ ಹತ್ತಿರ ಹತ್ತಿರ ಇಮ್ಮಡಿ.

ನನ್ನ ಮಟ್ಟಿಗೆ ಈ ಚರಿತ್ರೆಯ ನಾಯಕಿ ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತು, 1948ರಲ್ಲಿ ಹವಾಮಾನ ಇಲಾಖೆಯ ಪುಣೆ ಉಪಕರಣ ವಿಭಾಗ ಸೇರಿದವರು. ನಿವೃತ್ತಿಯ ನಂತರವೂ ಗಾಳಿಮಾಪಕಗಳನ್ನು ನೆಡಿಸಿ, ದೇಶದ ಗಾಳಿಯ ಅಂಕಿಅಂಶವನ್ನು 1983ರಲ್ಲಿ ಸಹಲೇಖಕ ಮೂಳೆ ಅವರೊಡನೆ ಪುಸ್ತಕವಾಗಿ ಹೊರತಂದರು. ಅಳೆಯದೆ ಮಾತಾಡದ ಜಾತಿ ಅವರದು.

ಮುನ್ಸೂಚನೆಯ ದಾರಿ ಈಗ ಕಂಪ್ಯೂಟರಿನದು. ಮೇಲಿನ ಪದರದ ವೇಗದ ಗಾಳಿಯನ್ನು ಸುಳಿಗಳು ನೆಲಕ್ಕೆ ಎಳೆದು ತರಬಲ್ಲವೇ ಎಂದು ಲೆಕ್ಕ ಹಾಕುವ ಬ್ರಾಸರ್ ವಿಧಾನ 2001ರದ್ದು. ಗುಡುಗುಮಳೆಯಲ್ಲಿ ಹನಿ ಆವಿಯಾಗಿ ತಣ್ಣಗಾದ ಗಾಳಿ ಧುಮುಕುವುದು ಮತ್ತೊಂದು ಬಗೆ. ಏಪ್ರಿಲ್-ಮೇ ತಿಂಗಳ ಹೊಡೆತಗಳು ಹೆಚ್ಚಾಗಿ ಇದರವೇ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಮುನ್ಸೂಚನೆಯ ಲೆಕ್ಕ ಹಾಕುವ 12 ಕಿ.ಮೀ. ಚೌಕವನ್ನು 6ಕ್ಕೆ ಇಳಿಸಿತು. ದೊಡ್ಡ ಹೆಜ್ಜೆಯೇ. ಆದರೆ 6 ಕಿ.ಮೀ. ಚೌಕದೊಳಗೆ ಪುಣೆ ಬಳಿಯ ಸಿಂಹಗಡ ಬೆಟ್ಟದ ಕಡಿದಾದ ಏಣು ಸವೆದು ಬೋಳಾಗುತ್ತದೆ, ಕಣಿವೆಗಳು ಮುಚ್ಚಿಹೋಗುತ್ತವೆ.

ಆದ್ದರಿಂದ ಘಟ್ಟದ ಅಂಚಿನ ಪ್ರತಿ ತಾಲ್ಲೂಕಿಗೂ, ನಮ್ಮ ಖಾನಾಪುರ, ಸಕಲೇಶಪುರಗಳೂ ಸೇರಿ, ಹೊಡೆತ ದಾಖಲಿಸುವ ಗಾಳಿಮಾಪಕಗಳು ಬರಲಿ. ಅವುಗಳ ಅಂಕಿಗಳು ಎಲ್ಲರಿಗೂ ಸಿಗಲಿ. ಅಲ್ಲಿಯವರೆಗೆ ಗುಡುಗು ಕೇಳಿದರೆ ಫಲಕದ ಕೆಳಗೆ ಮಾತ್ರ ನಿಲ್ಲಬೇಡಿ.