ಸಿಹಿನೀರು ಕುಡಿದು ಕೂತ ಎರಡು ತಾಸು

ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರ ದಿನ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಈ ದಿನ ನವಲಗುಂದ, ಅಣ್ಣಿಗೇರಿ ಕಡೆಯ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದು, ಅತ್ತೆಯನ್ನೋ ಅವ್ವನನ್ನೋ ಜೊತೆಗೆ ಕರೆದುಕೊಂಡು ಬರುತ್ತಾರೆ. ಸಕ್ಕರೆ ಪರೀಕ್ಷೆ ಆಗಬೇಕಾದವರಿಗೆ ಸಿಸ್ಟರ್ 75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಮಿಲಿಲೀಟರ್ ನೀರಿಗೆ ಕಲಸಿ ಕೊಡುತ್ತಾರೆ. ಐದು-ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಅರ್ಧ ತಾಸಿನೊಳಗೆ ವಾಂತಿಯಾದರೆ ಅವತ್ತಿನ ಪರೀಕ್ಷೆ ಅಲ್ಲಿಗೇ ನಿಂತಿತು, ಇನ್ನೊಂದು ದಿನ ಮತ್ತೆ ಬರಬೇಕು. ಆಗದಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ಎರಡು ತಾಸು ಬೆಂಚಿನ ಮೇಲೆ ಕೂಡಬೇಕು. ಗರ್ಭಿಣಿಯರ ಸಕ್ಕರೆ ಕಾಯಿಲೆಯ ಪಾಠವನ್ನು ಆಟದ ಮೂಲಕ ಹೇಳುವ ದಾರಿ ಹೇಗೆ ಬೆಳೆಯಿತು ಎಂದು ಓದುತ್ತ ಹೋದಂತೆಲ್ಲ ನನ್ನ ಕಣ್ಣ ಮುಂದೆ ಈ ಬೆಂಚೇ ಬಂದು ನಿಲ್ಲುತ್ತದೆ.

ಮೊದಲು ಕಾಯಿಲೆಯ ಕಥೆ. 1964ರಲ್ಲಿ ಬಾಸ್ಟನ್ನಿನ ಓ'ಸಲ್ಲಿವನ್ ಮತ್ತು ಮಹಾನ್ 752 ಗರ್ಭಿಣಿಯರ ರಕ್ತ ಪರೀಕ್ಷಿಸಿ ಮೊದಲ ಅಳತೆಗೋಲು ಕೊಟ್ಟರು. ನಮ್ಮ ಹಳ್ಳಿಗಳಿಗೆ ಒಗ್ಗುವ ಅಳತೆಗೋಲು ಬಂದದ್ದು ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಸಂಗಡಿಗರಿಂದ. ಊರಿಂದ ಬಸ್ ಹಿಡಿದು ಬರುವ ಬಸುರಿಗೆ ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ಆಕೆ ಎರಡನೇ ಸಲ ಬರುವುದೇ ಇಲ್ಲ. ಉಂಡು ಬಂದಿದ್ದರೂ ಸರಿ, ಗ್ಲೂಕೋಸ್ ಕುಡಿಸಿ, ಎರಡು ತಾಸಿನ ಮೇಲೆ 140 ಮಿಲಿಗ್ರಾಂ ಮುಟ್ಟಿದರೆ ಚಿಕಿತ್ಸೆ ಶುರು ಮಾಡಿ ಎಂದರು. ಕೇಂದ್ರ ಸರಕಾರದ ಮಾರ್ಗಸೂಚಿ ಇದನ್ನೇ ಒಪ್ಪಿತು, 2018ರಲ್ಲಿ ಪರಿಷ್ಕರಣೆಯೂ ಆಯಿತು. ಶೇಷಯ್ಯನವರ ಹುಟ್ಟುಹಬ್ಬ ಮಾರ್ಚ್ 10 ಈಗ ಈ ಕಾಯಿಲೆಯ ರಾಷ್ಟ್ರೀಯ ಜಾಗೃತಿ ದಿನ.

ಕರ್ನಾಟಕದ ಪಾಲು ಇದರಲ್ಲಿ ಸಣ್ಣದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ನೂರಕ್ಕೆ ಆರು ಮಂದಿಗೆ ಈ ತೊಂದರೆ ಇತ್ತು. ಸಂಶೋಧಕರು ಅಷ್ಟಕ್ಕೇ ಬಿಡದೆ ಹುಟ್ಟಿದ ಮಕ್ಕಳ ಬೆನ್ನು ಹತ್ತಿದರು. ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಮೈಕೊಬ್ಬು ಹೆಚ್ಚು ಕಂಡಿತು. ಒಂಬತ್ತು ತಿಂಗಳ ಊಟ ಮುಂದಿನ ಪೀಳಿಗೆಯ ಮೈಗೆ ಇಳಿಯುತ್ತದೆ ಎಂಬುದನ್ನು ನಮ್ಮ ನೆಲದ್ದೇ ಲೆಕ್ಕ ಹೇಳಿತು.

2005ರಲ್ಲಿ ಆಸ್ಟ್ರೇಲಿಯಾದ ಸಾವಿರ ಗರ್ಭಿಣಿಯರ ಅಧ್ಯಯನವೊಂದು ಇನ್ನೊಂದು ಮುಖ್ಯ ಮಾತು ಸ್ಪಷ್ಟಪಡಿಸಿತು. ಊಟದ ಸಲಹೆ, ಸಕ್ಕರೆ ಅಳೆದುಕೊಳ್ಳುವುದು, ಬೇಕಾದವರಿಗೆ ಇನ್ಸುಲಿನ್: ಇಷ್ಟರಿಂದ ಕೂಸಿಗೆ ಆಗುವ ಗಂಭೀರ ತೊಂದರೆ ನೂರಕ್ಕೆ ನಾಲ್ಕರಿಂದ ಒಂದಕ್ಕೆ ಇಳಿಯಿತು. ಬಹಳಷ್ಟು ತಾಯಂದಿರಿಗೆ ಊಟ ಮತ್ತು ನಡಿಗೆ ಸರಿಹೋದರೆ ಸಾಕು. ಅಂದಮೇಲೆ ಇಲ್ಲಿ ತಿಳಿಹೇಳುವುದೇ ಅರ್ಧ ಚಿಕಿತ್ಸೆ. ತಿಳಿಹೇಳುವ ಬಗೆ ಯಾವುದು ಎಂಬ ಪ್ರಶ್ನೆ ಬಂದಾಗಲೇ ಆಟದ ಮಾತು ಬರುವುದು.

ಸಕ್ಕರೆ ಕಾಯಿಲೆಗೆ ಆಟ ಮೊದಲು ಬಂದದ್ದು ಮಕ್ಕಳಿಗಾಗಿ. 1995ರ ‘ಪ್ಯಾಕಿ ಅಂಡ್ ಮಾರ್ಲನ್’ ಎಂಬ ಅಮೆರಿಕದ ವಿಡಿಯೋ ಗೇಮ್‌ನಲ್ಲಿ ಎರಡು ಆನೆಮರಿಗಳಿಗೆ ಮಧುಮೇಹ. ಶಿಬಿರದಲ್ಲಿ ಇಲಿಗಳು ಕದ್ದೊಯ್ದ ಊಟ, ಇನ್ಸುಲಿನ್ ಹುಡುಕುತ್ತ ಅವು ತಮ್ಮ ಸಕ್ಕರೆ ಹದದಲ್ಲಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ಆರು ತಿಂಗಳು ಇದನ್ನು ಆಡಿದ ಮಕ್ಕಳು ತುರ್ತಾಗಿ ವೈದ್ಯರ ಬಳಿ ಓಡುವುದು ನೂರಕ್ಕೆ 77ರಷ್ಟು ಕಡಿಮೆಯಾಯಿತು. ಮುಂದೆ 2006ರಲ್ಲಿ ಕ್ಯಾನ್ಸರ್ ಇರುವ ಹುಡುಗ-ಹುಡುಗಿಯರಿಗಾಗಿ ‘ರೀ-ಮಿಷನ್’ ಬಂತು, ಅದನ್ನು ಆಡಿದವರು ಔಷಧ ತಪ್ಪಿಸುವುದು ಕಡಿಮೆಯಾಯಿತು. ಆದರೆ ಇವೆಲ್ಲ ಒಂದು ಮಗು, ಒಂದು ಪರದೆಯ ಆಟಗಳು. ತಟ್ಟೆಗೆ ಬಡಿಸುವವರು ಆಟದ ಹೊರಗೇ ಉಳಿದರು.

ನಮ್ಮ ದೇಶದಲ್ಲಿ ಮೊಬೈಲ್ ದಾರಿ ಹಿಡಿದವರು ದೆಹಲಿಯ ಝಡ್‌ಎಂಕ್ಯೂ ಸಂಸ್ಥೆಯವರು. 2005ರಲ್ಲಿ ಎಚ್‌ಐವಿ ತಿಳಿವಳಿಕೆಗೆ ‘ಸೇಫ್ಟಿ ಕ್ರಿಕೆಟ್’ನಂಥ ಆಟ ಮಾಡಿದರು. ಕೆಲವು ವರ್ಷಗಳ ಮೇಲೆ ಬಸುರಿನ ಒಂಬತ್ತು ತಿಂಗಳನ್ನು ಒಂಬತ್ತು ನಿಮಿಷಕ್ಕೆ ಇಳಿಸಿದ ‘9 ಮಿನಿಟ್ಸ್’ ಎಂಬ ಆಟವೂ ಭಾರತಕ್ಕೆ ಬಂತು. ಒಳ್ಳೆಯ ಕಲ್ಪನೆಯೇ. ಆದರೆ ಕುಂದಗೋಳದ ಹೊಲಮನೆಗಳಲ್ಲಿ ಫೋನು ಹಗಲೆಲ್ಲ ಗಂಡನ ಜೇಬಿನಲ್ಲಿರುತ್ತದೆ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಪರದೆ ಇಲ್ಲದ ಕೆಲಸ. ಜಾರ್ಖಂಡ್, ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆ 2005ರಿಂದ ಮಹಿಳೆಯರ ಗುಂಪುಗಳನ್ನು ಕೂಡಿಸಿ ಚಿತ್ರದ ಕಾರ್ಡು, ಕಥೆ, ಪಾತ್ರಾಭಿನಯಗಳಿಂದ ಬಸುರಿ-ಬಾಣಂತಿಯರ ತೊಂದರೆಗಳನ್ನು ಚರ್ಚಿಸಿತು. ಮೂರು ವರ್ಷದಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 32ರಷ್ಟು ಇಳಿಯಿತು. ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ. ಹೆಂಗಸರೇ ‘ಹೀಗೇಕಾಯಿತು’ ಎಂದು ಕೇಳಿಕೊಳ್ಳುತ್ತ ಹೋದರು.

ಆಟ ಎಂದ ಕೂಡಲೇ ಆರೋಗ್ಯ ಶಿಬಿರಗಳಲ್ಲಿ ಹಾವು-ಏಣಿ ಪಟ ಬಿಚ್ಚುವುದು ಸುಲಭ. ಪೇಢೆ ತಿಂದರೆ ಹಾವು, ಸೊಪ್ಪು ತಿಂದರೆ ಏಣಿ. ಇದಕ್ಕೆ ನನ್ನ ವಿರೋಧವಿದೆ. ದಾಳ ಬಿದ್ದಂತೆ ಹಾವಿನ ಬಾಯಿಗೆ ಬೀಳುವ ಬಸುರಿ ಕಲಿಯುವುದು ‘ನನ್ನ ಹಣೆಬರಹ’ ಎಂಬುದನ್ನೇ. ‘ಸಕ್ಕರಿ ಬ್ಯಾನಿ ಬಂತು’ ಎಂದು ಮೊದಲೇ ಅಂಜಿದವಳು ಊಟ ಬಿಟ್ಟು ಉಪವಾಸ ಕೂತರೆ ಹೊಟ್ಟೆಯೊಳಗಿನ ಕೂಸು ಸೊರಗುತ್ತದೆ. ಇತ್ತ ‘ಎರಡು ಜೀವದಾಕಿ, ಇನ್ನೊಂದು ರೊಟ್ಟಿ ತಿನ್ನವಾ’ ಎನ್ನುವ ಅತ್ತೆಯ ಪ್ರೀತಿಯನ್ನು ತಪ್ಪೆನ್ನುವ ಆಟ ಆ ಮನೆಯೊಳಗೆ ಹೋಗುವುದೇ ಇಲ್ಲ.

ಈ ಕಲಿಕೆಗೆ ಹೇಳಿ ಮಾಡಿಸಿದಂಥ ಆಟ ನಮ್ಮಲ್ಲೇ ಇದೆ: ಅಳಗುಳಿಮಣೆ. ಕೈಯಲ್ಲಿರುವ ಬೀಜಗಳನ್ನು ಗುಳಿಗುಳಿಗೆ ಹಂಚುತ್ತ ಹೋಗುವುದೇ ಅದರ ಜೀವ. ರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಹಂಚಿಕೆಯನ್ನೇ: ದಿನದ ಕಾರ್ಬೋಹೈಡ್ರೇಟನ್ನು ಮೂರು ಊಟ, ನಡುವಿನ ಎರಡು-ಮೂರು ತಿಂಡಿಗಳಿಗೆ ಹರಡಬೇಕು. ಒಂದು ಹುಣಸೆಬೀಜ 15 ಗ್ರಾಂ ಎಂದಿಟ್ಟುಕೊಳ್ಳಿ. 12 ಬೀಜವೆಂದರೆ 180 ಗ್ರಾಂ, ಬಸುರಿಗೆ ಬೇಕಾದ ಕನಿಷ್ಠ 175 ದಾಟಿತು. ಒಂದು ಸಾಲಿನ ಏಳು ಗುಳಿಗಳಲ್ಲಿ ಆರು ಉಣ್ಣುವುದಕ್ಕೆ, ಏಳನೆಯದು ಉಂಡ ಮೇಲಿನ ನಡಿಗೆಗೆ. ಅಗಲದ ಜೋಳದ ರೊಟ್ಟಿಗೆ ಎರಡು ಬೀಜ ಹೋದವು. ಕಲಘಟಗಿ ಕಡೆಯವಳು ಅನ್ನಕ್ಕೆ ಎಷ್ಟೆಂದು ಕೇಳುತ್ತಾಳೆ, ನವಲಗುಂದದವಳು ಹೆಸರುಕಾಳಿನ ಪಲ್ಯಕ್ಕೆ ಎಷ್ಟೆಂದು. ಎಲ್ಲ ಬೀಜ ರಾತ್ರಿಯ ಗುಳಿಗೆ ಸುರಿದರೆ ಸಕ್ಕರೆ ಏರಿತು, ಬೀಜ ಮುಟ್ಟದೆ ಬಿಟ್ಟರೆ ಕೂಸು ಹಸಿಯಿತು. ಇಲ್ಲಿ ದಾಳವಿಲ್ಲ, ಕೈ ಆಕೆಯದು.

ಮನೆಯ ಹೊರಗಿನ ತಟ್ಟೆಗೂ ಲೆಕ್ಕ ಬೇಕು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸಿಗುತ್ತವೆ. ಮೊಟ್ಟೆಗೆ ಬೀಜ ಇಡುವುದೇ ಬೇಡ, ಚಿಕ್ಕಿಯ ಬೆಲ್ಲಕ್ಕೆ ಇಡಬೇಕು. ಕುಬಸದ ದಿನ ತವರಿಂದ ಬರುವ ಸಿಹಿಗೂ, ನಾಗರಪಂಚಮಿಯ ಉಂಡಿಗೂ ಮಣೆಯಲ್ಲಿ ಜಾಗ ಕೊಡಬೇಕು. ಕುಬಸವನ್ನೇ ಬೇಡವೆನ್ನುವುದರ ಬದಲು ಅವತ್ತಿನ ರೊಟ್ಟಿಯ ಬೀಜ ಹೋಳಿಗೆಗೆ ಸರಿಸುವುದು ಹೇಗೆಂದು ಅತ್ತೆ-ಸೊಸೆ ಒಟ್ಟಿಗೆ ಆಡಿ ನೋಡಲಿ. ಹೇಗೂ ಅತ್ತೆ ಅದೇ ಬೆಂಚಿನ ಮೇಲೆ ಎರಡು ತಾಸು ಕೂತಿರುತ್ತಾಳೆ. ಮೂಲೆಗೊಂದು ಜಮಖಾನೆ ಹಾಸಿ, ಆಶಾ ಅಕ್ಕ ಮಣೆ ನಡುವಿಗಿಟ್ಟರೆ ಆಯಿತು.

ಆದರೆ ಸಲಹೆಯ ಕೊಂಡಿ ಹೆರಿಗೆಯ ಹೊತ್ತಿಗೆ ಕಳಚಿಕೊಳ್ಳುತ್ತದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ, ಊರು ಬದಲಾಗುತ್ತದೆ, ಆಶಾ ಅಕ್ಕ ಬದಲಾಗುತ್ತಾರೆ. ಬಾಣಂತಿ ಕೋಣೆಗೆ ಕೊಬ್ಬರಿ, ಬೆಲ್ಲ, ತುಪ್ಪದ ಅಂಟಿನುಂಡಿ ಬರುತ್ತದೆ. ಬಸುರಿನಲ್ಲಿ ಸಕ್ಕರೆ ಏರಿದವರಿಗೆ ಮುಂದೆ ಪೂರ್ಣ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಏಳು ಪಟ್ಟು ಎಂದು 2009ರ ಸಮೀಕ್ಷೆಯೊಂದು ಲೆಕ್ಕ ಹಾಕಿದೆ. ಹಾಗಾಗಿ ಮಣೆ ತಾಯಿ ಕಾರ್ಡಿನ ಜೊತೆ ತವರಿಗೂ ಹೋಗಬೇಕು, ಅಂಟಿನುಂಡಿಗೆ ಎಷ್ಟು ಬೀಜ ಎಂಬುದನ್ನು ಈ ಸಲ ಅವ್ವನ ಜೊತೆ ಆಡಿ ಗೊತ್ತುಮಾಡಿಕೊಳ್ಳಬೇಕು. ಕೂಸಿಗೆ ಆರನೇ ವಾರ ಪೆಂಟಾವ್ಯಾಲೆಂಟ್ ಲಸಿಕೆ ಹಾಕಿಸಲು ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ತಾಯಿಯ ಸಕ್ಕರೆಯನ್ನು ಮತ್ತೆ ನೋಡಬೇಕಾದ್ದೂ ಅದೇ ಆರನೇ ವಾರ. ಮತ್ತೊಂದು ಲೋಟ ಸಿಹಿನೀರು, ಮತ್ತೆ ಎರಡು ತಾಸು, ಈ ಸಲ ಅವ್ವನ ತೊಡೆಯ ಮೇಲೆ ಕೂಸು.