ನಾಲ್ಕು ಹಾರ್ನು, ಎರಡು ಓಮು

ಅರಸೀಕೆರೆಯಲ್ಲಿ ನಮ್ಮ ಸೋದರಮಾವನದ್ದು ಮೈಕ್‌ಸೆಟ್ ಅಂಗಡಿ. ಮದುವೆ, ತಿಥಿ, ಎಲೆಕ್ಷನ್ನು, ಜಾತ್ರೆ, ಯಾವುದಕ್ಕೂ ಇಲ್ಲ ಅಂದವರಲ್ಲ. ನನ್ನ ಪಿಯುಸಿ ಪರೀಕ್ಷೆ ಮುಗಿದ ವರ್ಷ, ಚೈತ್ರದಲ್ಲಿ, ಬೇಲೂರು ತೇರಿಗೆ ನಾನೂ ಜೊತೆಗೆ ಹೋದೆ. ಒಂದು ಅರವಟ್ಟಿಗೆಗೆ ನಮ್ಮದೇ ಸೆಟ್ಟು. ಮಾವ ಕಾಫಿಗೆ ಅಂತ ಹೋದಾಗ ನಾಲ್ಕು ಹಾರ್ನಿನ ಕೆಂಪು ವೈರೆಲ್ಲ ಒಂದು ಕಡೆ, ಕಪ್ಪು ವೈರೆಲ್ಲ ಇನ್ನೊಂದು ಕಡೆ ತಿರುಚಿ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಜೋರಾಗೇ ಹಾಡ್ತು. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ.

ಮಾವ ಬೈಯ್ಯಲಿಲ್ಲ. ಅದೇ ಕಷ್ಟವಾಗಿತ್ತು.

ವಾಪಸ್ ಬರುವಾಗ ಹಳೇಬೀಡಲ್ಲಿ ಇಳಿದು ದೋರಸಮುದ್ರದ ಏರಿ ಮೇಲೆ ಕೂತ್ವಿ. "ಒಂದು ತೂಬು ತೆಗೆದ್ರೆ ನೀರು ಅಳತೇಲಿ ಹೋಗುತ್ತೆ. ನಾಲ್ಕೂ ಒಟ್ಟಿಗೆ ತೆಗೆದ್ರೆ ಏನಾಗುತ್ತಪ್ಪಾ?" ಅಂದ್ರು. ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಬರೆದ್ರು. ಒಂದೊಂದು ಹಾರ್ನು 8 ಓಮ್. ಪ್ಯಾರಲಲ್ಲಾಗಿ ನಾಲ್ಕು ಕಟ್ಟಿದರೆ 8ನ್ನು 4ರಿಂದ ಭಾಗಿಸು, 2 ಓಮ್. ನಮ್ಮ ಆಂಪ್ಲಿಫೈಯರು 4ಕ್ಕಿಂತ ಕಡಿಮೆ ತಡೆಯೋದಲ್ಲ. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟುವ ಸಿರೀಸಲ್ಲಿ ಕೂಡಿಸಬೇಕು, ನಾಲ್ಕಕ್ಕೆ 32. ಆಗ ಕರೆಂಟು ಕಡಿಮೆಯಾಗಿ ದನಿ ಸೊರಗುತ್ತೆ. ಉಪಾಯವೆಂದರೆ ಎರಡೆರಡನ್ನು ಸಿರೀಸಲ್ಲಿ ಕಟ್ಟಿ 16 ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡೋದು. ಮತ್ತೆ 8ಕ್ಕೇ ಬಂತು! ಬೇರೆ ಬೇರೆ ಓಮಿನವು ಸೇರಿದರೆ ಗುಣಿಸಿ, ಕೂಡಿದ್ದರಿಂದ ಭಾಗಿಸಬೇಕು: 8 ಮತ್ತು 4 ಪ್ಯಾರಲಲ್ಲಾದರೆ 32ನ್ನು 12ರಿಂದ, ಸುಮಾರು 2.7. ಅದರಲ್ಲೂ 4ರದ್ದು ಎರಡರಷ್ಟು ಪವರ್ ನುಂಗುತ್ತೆ.

ಮೀಟರ್ ಇಟ್ಟು ನೋಡಿದರೆ 8 ಓಮಿನ ಸ್ಪೀಕರು 6 ಅಥವಾ 7 ತೋರಿಸುತ್ತೆ. ಅದು ಸುರುಳಿ ತಂತಿಯ ರೆಸಿಸ್ಟೆನ್ಸ್ ಮಾತ್ರ. ಹಾಡು ಹರಿಯುವಾಗಿನ ತಡೆ ಬೇರೆ, ಸ್ವರದ ಜೊತೆ ಏರಿಳಿಯುತ್ತೆ. ಜಾರ್ಜ್ ಓಮ್ 1827ರಲ್ಲಿ ಬರೆದದ್ದು ಮೊದಲನೆಯದರ ಲೆಕ್ಕ. ಎರಡನೆಯದಕ್ಕೆ ಇಂಪೀಡೆನ್ಸ್ ಅಂತ ಹೆಸರಿಟ್ಟವನು ಆಲಿವರ್ ಹೆವಿಸೈಡ್, 1886ರಲ್ಲಿ. ಹದಿನಾರಕ್ಕೇ ಶಾಲೆ ಬಿಟ್ಟು ಮುಂದೆ ಟೆಲಿಗ್ರಾಫ್ ಕೆಲಸಕ್ಕೆ ಸೇರಿದ್ದವನು. ನಮ್ಮ ಮಾವನೂ ಎಸ್ಸೆಸ್ಸೆಲ್ಸಿ ದಾಟಿದವರಲ್ಲ, ಅದಕ್ಕೇ ಈ ಮನುಷ್ಯನ ಮೇಲೆ ನನಗೆ ವಿಶೇಷ ಪ್ರೀತಿ.

ಮಾವ ಕಲಿತದ್ದು ವಾಲ್ವ್ ಸೆಟ್ಟಿನ ಮೇಲೆ. ಅದಕ್ಕೆ ಸ್ಪೀಕರ್ ಕಟ್ಟದೆ ಜೋರಾಗಿ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳು. ಟ್ರಾನ್ಸಿಸ್ಟರ್ ಬಂದಮೇಲೆ ಭಯ ತಿರುಗಿತು: ಸ್ಪೀಕರ್ ಇಲ್ಲದಿದ್ರೆ ತೊಂದರೆಯಿಲ್ಲ, ಹೆಚ್ಚಾದ್ರೆ ಸುಡುತ್ತೆ. ಜಾತ್ರೆ ಬೀದಿಯುದ್ದ ಹಾರ್ನ್ ಕಟ್ಟೋದಕ್ಕೆ 100 ವೋಲ್ಟ್ ಲೈನ್ ಇದೆ. ಪ್ರತಿ ಹಾರ್ನಿಗೂ ಒಂದು ಟ್ರಾನ್ಸ್‌ಫಾರ್ಮರು, ವಾಟ್ಸ್ ಕೂಡಿಸಿದರೆ ಸಾಕು. 10 ವಾಟಿನ ಹತ್ತು ಹಾರ್ನಿಗೆ 100 ವಾಟು, ಅಷ್ಟೇ. ಉದ್ದ ವೈರಲ್ಲಿ ಪವರ್ ಪೋಲಾಗೋದೂ ಕಡಿಮೆ. ಆವತ್ತು ನಮ್ಮ ಹತ್ರ ಅದಿರಲಿಲ್ಲ.

ಆ ತೇರಿನ ಬಾಡಿಗೆಯೆಲ್ಲ ರಿಪೇರಿಗೇ ಹೋಯಿತು ಅಂತ ಅತ್ತೆ ಹೇಳಿದ್ದು, ನನಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ ಮೇಲೆ. ಮಾವ ಒಳಗಿಂದ ಕೂಗಿದ್ರು: "ಅವನಿಗ್ಯಾಕೆ ಹೇಳ್ತೀಯೇ ಅದನ್ನ, ಫೀಸು ಅಂದ್ಕೊ."