ಸೆಕೆಂಡ್ ಹ್ಯಾಂಡ್ ಸ್ಪೇಸ್ ಸೇವರ್ ಸ್ಟೆಪ್ನಿ: ಖರೀದಿ, ಬಳಕೆ ಮತ್ತು ನಿರ್ವಹಣೆ – ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಕಾರು ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಹಳೆಯ ಕಾರುಗಳನ್ನು ಖರೀದಿಸುವ ಸಾರ್ವಜನಿಕರಲ್ಲಿ ಅನೇಕರು ಎಂಜಿನ್, ವಿಮೆ ಮತ್ತು ನೋಂದಣಿ ಪತ್ರಗಳನ್ನು ಪರಿಶೀಲಿಸುತ್ತಾರೆ; ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ನೋಡುವುದಿಲ್ಲ. ಸ್ಟೆಪ್ನಿ ಇಲ್ಲವೆಂಬುದು ಅಥವಾ ಇದ್ದರೂ ಉಪಯೋಗಕ್ಕೆ ಬಾರದೆಂಬುದು ಟೈರು ಪಂಕ್ಚರ್ ಆದ ದಿನವೇ ತಿಳಿದುಬರುತ್ತದೆ. ಆನಂತರ ಗುಜರಿ ಅಂಗಡಿಗಳಲ್ಲಿ ಅಥವಾ ಹಳೆಯ ಬಿಡಿಭಾಗಗಳ ವ್ಯಾಪಾರಿಗಳಲ್ಲಿ ಸೆಕೆಂಡ್ ಹ್ಯಾಂಡ್ ಸ್ಟೆಪ್ನಿ ಖರೀದಿಸುವವರು ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಸ್ಪೇಸ್ ಸೇವರ್ ಎಂದರೇನು?

‘ಸ್ಟೆಪ್ನಿ’ ಎಂಬ ಪದವು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದಿದೆ. ಅಲ್ಲಿ 1904ರಲ್ಲಿ ಇಂತಹ ಹೆಚ್ಚುವರಿ ಚಕ್ರದ ತಯಾರಿಕೆ ಆರಂಭವಾಯಿತು. ಸ್ಪೇಸ್ ಸೇವರ್ ಎಂಬುದು ಡಿಕ್ಕಿಯ ಜಾಗ ಮತ್ತು ವಾಹನದ ತೂಕವನ್ನು ಉಳಿಸಲು ನೀಡಲಾಗುವ, ಕಾರಿನ ಇತರ ಚಕ್ರಗಳಿಗಿಂತ ಕಿರಿದಾದ ತಾತ್ಕಾಲಿಕ ಚಕ್ರ. ಇದರಲ್ಲಿ ಎರಡು ಬಗೆಗಳಿವೆ.

(ಅ) ತಾತ್ಕಾಲಿಕ ಬಳಕೆಗಾಗಿಯೇ ತಯಾರಾದ ಟೈರು. ಇದರ ಅಳತೆಯು ‘ಟಿ’ ಅಕ್ಷರದಿಂದ ಆರಂಭವಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ, ಅಂದರೆ ಸಾಧಾರಣ ಕಾರು ಟೈರಿನ ಸುಮಾರು ಎರಡರಷ್ಟು ಗಾಳಿಯ ಒತ್ತಡ ಬೇಕಾಗುತ್ತದೆ.

(ಆ) ಸಾಧಾರಣ ಟೈರೇ ಆಗಿದ್ದು, ಕಾರಿನ ಇತರ ಟೈರುಗಳಿಗಿಂತ ಅಗಲ ಕಡಿಮೆ ಇರುವುದು. ಇದರ ಒತ್ತಡವನ್ನು ಕಾರಿನ ಕೈಪಿಡಿ ಅಥವಾ ಚಾಲಕರ ಬಾಗಿಲಿನ ಬಳಿಯ ಚೀಟಿಯಲ್ಲಿ ನೋಡಬೇಕು.

ಈ ಚಕ್ರಗಳ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗಮಿತಿಯನ್ನು ನಮೂದಿಸಿರುತ್ತಾರೆ. ಕೆಲವು ತಯಾರಕರು ದೂರಕ್ಕೂ ಸುಮಾರು 80 ಕಿ.ಮೀ. ಮಿತಿಯನ್ನು ಹೇಳುತ್ತಾರೆ. ಇದು ಪ್ರಯಾಣ ಮುಂದುವರಿಸಲು ಕೊಟ್ಟ ಚಕ್ರವಲ್ಲ. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ತಲುಪಲು ಕೊಟ್ಟ ಚಕ್ರ ಎಂಬುದನ್ನು ಮೊದಲು ಮನಗಾಣತಕ್ಕದ್ದು.

3. ಈ ಭಾಗದ ರಸ್ತೆಗಳು

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ದೂರವಿದೆ. ಅಂದರೆ ಮೇಲ್ಕಂಡ ದೂರಮಿತಿಯು ಒಂದು ಬದಿಯ ಪ್ರಯಾಣಕ್ಕೇ ಮುಗಿಯುತ್ತದೆ. ತಾಳಬೆಟ್ಟದ ನಂತರ ಕಡಿದಾದ ತಿರುವುಗಳ ಘಟ್ಟದ ರಸ್ತೆ ಇದೆ. ಕಿರಿದಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಆದ್ದರಿಂದ ತಾಳಬೆಟ್ಟಕ್ಕೆ ಮೊದಲೇ ಪಂಕ್ಚರ್ ಆದಲ್ಲಿ ಸ್ಪೇಸ್ ಸೇವರ್ ಹಾಕಿಕೊಂಡು ಬೆಟ್ಟ ಹತ್ತಬಾರದು. ಕೌದಳ್ಳಿ ಅಥವಾ ಹನೂರಿಗೆ ಹಿಂದಿರುಗಿ ಟೈರನ್ನು ಸರಿಪಡಿಸಿಕೊಳ್ಳುವುದು ಸೂಕ್ತ. ಶಿವರಾತ್ರಿ, ಯುಗಾದಿ, ದಸರಾ ಮತ್ತು ದೀಪಾವಳಿ ಜಾತ್ರೆಗಳಿಗೆ ಕುಟುಂಬ ಸಮೇತ ತುಂಬಿದ ಕಾರಿನಲ್ಲಿ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಯಳಂದೂರಿನಿಂದ ಗುಂಬಳ್ಳಿ ಮೂಲಕ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಯು 2011ರಲ್ಲಿ ಘೋಷಿತವಾದ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಸಾಗುತ್ತದೆ. ಆನೆಗಳು ಸಂಚರಿಸುವ ಈ ಕಾಡಿನಲ್ಲಿ ವಾಹನದಿಂದ ಇಳಿದು ಚಕ್ರ ಬದಲಿಸುವುದೇ ಅಪಾಯ. ಹಾಕಿದ ಸ್ಟೆಪ್ನಿಯಲ್ಲಿ ಗಾಳಿ ಇಲ್ಲವೆಂದು ಅಲ್ಲಿ ತಿಳಿಯುವಂತಾಗಬಾರದು.

4. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ವಯಸ್ಸು: ಟೈರಿನ ಪಕ್ಕದ ಗೋಡೆಯ ಮೇಲೆ ಉಬ್ಬು ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ. ಉದಾಹರಣೆಗೆ, 2319 ಎಂದಿದ್ದರೆ 2019ನೇ ಸಾಲಿನ 23ನೇ ವಾರ. ಒಮ್ಮೆಯೂ ಓಡದ ಟೈರಿನ ರಬ್ಬರು ಕೂಡ ಕಾಲಕ್ರಮೇಣ ಗಟ್ಟಿಯಾಗಿ ಬಿರಿಯುತ್ತದೆ. ಸ್ಟೆಪ್ನಿಯೂ ಸೇರಿದಂತೆ ಹತ್ತು ವರ್ಷ ಮೀರಿದ ಟೈರನ್ನು ಬದಲಿಸಬೇಕೆಂಬುದು ಅನೇಕ ತಯಾರಕರ ಸಲಹೆ. ‘ಹೊಸದರಂತೆಯೇ ಇದೆ’ ಎಂಬ ವ್ಯಾಪಾರಿಯ ಮಾತಿಗಿಂತ ಈ ನಾಲ್ಕು ಅಂಕಿಗಳನ್ನು ನಂಬುವುದು ಲೇಸು.

(ಆ) ಟೈರಿನ ಸ್ಥಿತಿ: ಪಕ್ಕದ ಗೋಡೆಯಲ್ಲಿ ಬಿರುಕು, ಉಬ್ಬು ಅಥವಾ ಪ್ಯಾಚ್ ಇದ್ದಲ್ಲಿ ಖರೀದಿಸಬಾರದು. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರಂತೆ ಕಾರಿನ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ತಾತ್ಕಾಲಿಕ ಟೈರುಗಳಲ್ಲಿ ಹೊಸದಿದ್ದಾಗಲೇ ಗೀರುಗಳ ಆಳ ಕಡಿಮೆ ಇರುವುದರಿಂದ ಹೆಚ್ಚು ಓಡಿದ್ದನ್ನು ತೆಗೆದುಕೊಳ್ಳುವುದು ಲಾಭದಾಯಕವಲ್ಲ.

(ಇ) ರಿಮ್: ತುಕ್ಕು, ಬೆಸುಗೆ, ಸೊಟ್ಟ ಅಥವಾ ಬಿರುಕು ಇದೆಯೇ ಎಂದು ಎರಡೂ ಬದಿ ನೋಡಬೇಕು.

(ಈ) ಹೊಂದಾಣಿಕೆ: ನಟ್ ರಂಧ್ರಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ, ಮಧ್ಯದ ರಂಧ್ರದ ಅಳತೆ ಹಾಗೂ ರಿಮ್ ಒಳಕ್ಕೆ ಕೂರುವ ಆಳ ಇವೆಲ್ಲವೂ ತಮ್ಮ ಕಾರಿಗೆ ಸರಿಹೊಂದಬೇಕು. ಉದಾಹರಣೆಗೆ, ಮಾರುತಿ ಸ್ವಿಫ್ಟ್ ಕಾರಿಗೆ 100 ಮಿ.ಮೀ. ವೃತ್ತದಲ್ಲಿ 4 ರಂಧ್ರಗಳಿದ್ದರೆ, ಹ್ಯುಂಡೈ ಕ್ರೆಟಾಗೆ 114.3 ಮಿ.ಮೀ. ವೃತ್ತದಲ್ಲಿ 5 ರಂಧ್ರಗಳಿವೆ. ರಂಧ್ರಗಳು ಹೊಂದಿದ ಮಾತ್ರಕ್ಕೆ ಚಕ್ರ ಹೊಂದಿತೆಂದು ಭಾವಿಸಬಾರದು. ಒಳಗಿನ ಬ್ರೇಕ್ ಭಾಗಕ್ಕೆ ರಿಮ್ ತಾಗಬಹುದು. ಆದುದರಿಂದ ಹಣ ಪಾವತಿಸುವ ಮೊದಲು ಕಾರನ್ನು ಜಾಕ್ ಮೇಲೆ ಎತ್ತಿಸಿ, ಮುಂದೆ ಒಮ್ಮೆ ಹಿಂದೆ ಒಮ್ಮೆ ಅಳವಡಿಸಿ, ಕೈಯಿಂದ ತಿರುಗಿಸಿ ನೋಡತಕ್ಕದ್ದು. ಇದಕ್ಕೆ ಒಪ್ಪದ ವ್ಯಾಪಾರಿಯಿಂದ ಖರೀದಿಸದಿರುವುದು ಒಳಿತು.

(ಉ) ನಟ್‌ಗಳು: ಅಲಾಯ್ ಚಕ್ರದ ನಟ್‌ಗಳು ಕಬ್ಬಿಣದ ರಿಮ್‌ಗೆ ಎಲ್ಲ ಕಾರುಗಳಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಪ್ರತ್ಯೇಕ ನಟ್ ಬೇಕಿದ್ದಲ್ಲಿ ಸ್ಟೆಪ್ನಿಯೊಂದಿಗೇ ಇಟ್ಟುಕೊಳ್ಳಬೇಕು. ಜಾಕ್ ಮತ್ತು ವೀಲ್ ಸ್ಪ್ಯಾನರ್ ಇವೆಯೇ ಎಂಬುದನ್ನೂ ಅದೇ ವೇಳೆ ನೋಡಿಕೊಳ್ಳಬೇಕು.

ಮೇಲ್ಕಂಡ ಯಾವುದೇ ಅಂಶದಲ್ಲಿ ಸಂಶಯವಿದ್ದಲ್ಲಿ, ಡಿಕ್ಕಿಯಲ್ಲಿ ಜಾಗವಿದ್ದರೆ ಕಾರಿನ ಇತರ ಚಕ್ರಗಳ ಅಳತೆಯದೇ ಸ್ಟೆಪ್ನಿ ಖರೀದಿಸುವುದು ಉತ್ತಮ. ಬೆಟ್ಟದ ರಸ್ತೆಗಳಲ್ಲಿ ಪದೇ ಪದೇ ಸಂಚರಿಸುವವರಿಗೆ ಇದೇ ಹೆಚ್ಚು ಸೂಕ್ತ.

5. ರಶೀದಿ

ಖರೀದಿಗೆ ರಶೀದಿ ಪಡೆಯತಕ್ಕದ್ದು. ಅದರಲ್ಲಿ ದಿನಾಂಕ, ಅಂಗಡಿಯ ವಿಳಾಸ, ಟೈರಿನ ಅಳತೆ, ಮೇಲೆ ತಿಳಿಸಿದ ನಾಲ್ಕು ಅಂಕಿಗಳು ಹಾಗೂ ಪಾವತಿಸಿದ ಮೊತ್ತ ಇರಬೇಕು. ರಶೀದಿ ಇದ್ದಲ್ಲಿ, ದೋಷಪೂರಿತ ವಸ್ತು ಮಾರಿದ ವ್ಯಾಪಾರಿಯ ವಿರುದ್ಧ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಕಳವು ಮಾಲೆಂದು ತಿಳಿದೂ ಖರೀದಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕರಣ 317ರಡಿ ಅಪರಾಧವಾಗಿರುತ್ತದೆ.

6. ಬಳಕೆಯ ಕ್ರಮ

(ಅ) ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ದೀಪಗಳನ್ನು ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ಇಟ್ಟು, ಪ್ರಯಾಣಿಕರನ್ನು ಇಳಿಸಬೇಕು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗವನ್ನು ಎತ್ತುವಾಗ ಮುಂದಿನ ಚಕ್ರಗಳಿಗೆ ತಪ್ಪದೇ ಕಲ್ಲು ಕೊಡಬೇಕು.

(ಆ) ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಸ್ಟೀರಿಂಗ್ ಮತ್ತು ಬ್ರೇಕಿನ ಹೆಚ್ಚಿನ ಹೊರೆಯೂ ಮುಂದೆಯೇ ಬೀಳುತ್ತದೆ. ಇಂತಹ ಕಾರಿನಲ್ಲಿ ಮುಂದಿನ ಟೈರು ಪಂಕ್ಚರ್ ಆದರೆ, ಮೊದಲು ಹಿಂದಿನ ಒಳ್ಳೆಯ ಚಕ್ರವನ್ನು ಬಿಚ್ಚಿ ಅಲ್ಲಿ ಸ್ಪೇಸ್ ಸೇವರ್ ಹಾಕಿ, ಅನಂತರ ಬಿಚ್ಚಿದ ಚಕ್ರವನ್ನು ಮುಂದೆ ಹಾಕುವುದು ಸುರಕ್ಷಿತ. ಎರಡು ಬಾರಿ ಜಾಕ್ ಹಾಕುವ ಶ್ರಮವಿದ್ದರೂ ಘಟ್ಟ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ.

(ಇ) ನಿಗದಿತ ವೇಗವನ್ನು ಮೀರಬಾರದು. ಒಂದೇ ಕಾರಿಗೆ ಏಕಕಾಲಕ್ಕೆ ಎರಡು ಸ್ಪೇಸ್ ಸೇವರ್ ಹಾಕಬಾರದು. ಸ್ವಲ್ಪ ದೂರ ಚಲಿಸಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಮೂಲ ಟೈರನ್ನು ಅದೇ ದಿನ ಸರಿಪಡಿಸಿಕೊಳ್ಳಬೇಕು.

7. ನಿರ್ವಹಣೆ

(ಅ) ತಿಂಗಳಿಗೊಮ್ಮೆ ಹಾಗೂ ದೂರ ಪ್ರಯಾಣಕ್ಕೆ ಮುನ್ನ ಗಾಳಿಯನ್ನು ಪರೀಕ್ಷಿಸಬೇಕು. ಬಳಸದೇ ಇಟ್ಟ ಟೈರಿನಿಂದಲೂ ಗಾಳಿ ಇಳಿಯುತ್ತದೆ.

(ಆ) ಗಾಳಿ ಹಾಕುವವರಿಗೆ ಒತ್ತಡದ ಸಂಖ್ಯೆಯನ್ನು ಸ್ಪಷ್ಟವಾಗಿ ತಿಳಿಸಬೇಕು. ಹೇಳದಿದ್ದಲ್ಲಿ ಅಭ್ಯಾಸದಂತೆ ಮೂವತ್ತರ ಆಸುಪಾಸಿಗೆ ನಿಲ್ಲಿಸುತ್ತಾರೆ. 60 ಬೇಕಾದ ಟೈರಿಗೆ ಅದು ಅರ್ಧ ಮಾತ್ರ.

(ಇ) ಡಿಕ್ಕಿಯ ಗುಂಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಂಡು, ಸ್ಟೆಪ್ನಿಯನ್ನು ಅದರ ಬೋಲ್ಟಿನಿಂದ ಬಿಗಿಯಾಗಿ ಕಟ್ಟಿರಬೇಕು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಟೆಪ್ನಿ ಬದಲಿಸಿದ್ದಕ್ಕೆ ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕೇ?
ಉತ್ತರ: ಖಾಸಗಿ ಕಾರಿಗೆ ಅಗತ್ಯವಿಲ್ಲ. ಯಾವುದೇ ಅರ್ಜಿಯನ್ನಾಗಲೀ ಶುಲ್ಕವನ್ನಾಗಲೀ ಸಲ್ಲಿಸಬೇಕಾಗಿಲ್ಲ.

ಪ್ರಶ್ನೆ: ನನ್ನ ಕಾರಿಗೆ ಸ್ಟೆಪ್ನಿಯನ್ನೇ ಕೊಟ್ಟಿಲ್ಲ. ಇದು ಲೋಪವೇ?
ಉತ್ತರ: ಲೋಪವೆಂದು ಹೇಳಲಾಗದು. 2020ರ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ಸೂಚಕ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಟೈರಿನ ಪಕ್ಕದ ಗೋಡೆ ಹರಿದರೆ ಕಿಟ್ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: 15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣದ ತಪಾಸಣೆಗೆ ಸ್ಪೇಸ್ ಸೇವರ್ ಹಾಕಿಕೊಂಡು ಬರಬಹುದೇ?
ಉತ್ತರ: ಬರಬಾರದು. ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ಹಾಜರುಪಡಿಸುವ ಮುನ್ನ ನಾಲ್ಕೂ ಚಕ್ರಗಳಿಗೆ ನಿಗದಿತ ಅಳತೆಯ, ಸುಸ್ಥಿತಿಯಲ್ಲಿರುವ ಟೈರುಗಳನ್ನು ಅಳವಡಿಸಿರಬೇಕು. ಈ ಮೂರೂ ತಾಲ್ಲೂಕುಗಳು ಚಾಮರಾಜನಗರ ಜಿಲ್ಲೆಗೆ ಸೇರಿದ್ದು, ಜಿಲ್ಲೆಯ ನೋಂದಣಿ ಸಂಕೇತ ಕೆಎ-10 ಆಗಿರುತ್ತದೆ.

ವಾಹನ ಮಾಲೀಕರು ಈ ಮಾಹಿತಿಯನ್ನು ಓದಿದ ದಿನವೇ ತಮ್ಮ ಕಾರಿನ ಡಿಕ್ಕಿ ತೆರೆದು ಸ್ಟೆಪ್ನಿಯ ಗಾಳಿ ಮತ್ತು ವರ್ಷವನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕೆಂದು ಕೋರಲಾಗಿದೆ.